ಯಾರ ಮುಂದೆ ಯಾರು ದೊಡ್ಡವರು?

ಟೋಕಿಯೊದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಮಧ್ಯಾಹ್ನ ಕಾಫಿ ಹಿಡಿದುಕೊಂಡು ನನ್ನ ಮೇಜಿನತ್ತ ಬರುತ್ತಿದ್ದಾಗ, ಪಕ್ಕದ ಸಹೋದ್ಯೋಗಿ ಫೋನಿನಲ್ಲಿ ನನ್ನ ಹೆಸರು ಹೇಳುವುದು ಕಿವಿಗೆ ಬಿತ್ತು. ಗ್ರಾಹಕ ಕಂಪನಿಯೊಂದರಿಂದ ನನಗೆ ಬಂದ ಕರೆಯನ್ನು ಆಕೆ ತೆಗೆದುಕೊಂಡಿದ್ದರು. ‘ಹೆಗುದೆ ವಾ ತದಾಇಮಾ ಸೆಕಿ ಓ ಹಜುಶಿತೆ ಒರಿಮಾಸು’ ಎಂದು ಬಹಳ ಮೃದುವಾದ ದನಿಯಲ್ಲಿ ಹೇಳುತ್ತಿದ್ದರು. ಹೆಗಡೆ ಸದ್ಯ ತನ್ನ ಜಾಗದಲ್ಲಿಲ್ಲ ಎಂದರ್ಥ. ಆಕೆ ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ಚಿಕ್ಕವರು. ಅಂದು ಬೆಳಿಗ್ಗೆ ನನ್ನನ್ನು ‘ಹೆಗುದೆ-ಸಾನ್’ ಎಂದೇ ಕರೆದಿದ್ದರು; ಹೆಸರಿಗೆ ಹಚ್ಚುವ ‘ಸಾನ್’ ನಮ್ಮ ‘ಅವರು’ ಇದ್ದ ಹಾಗೆ. ಫೋನ್ ಇಟ್ಟು ತಿರುಗಿದವರೇ ಮತ್ತೆ ‘ಹೆಗುದೆ-ಸಾನ್, ನಿಮಗೊಂದು ಕರೆ ಬಂದಿತ್ತು’ ಎಂದರು. ನಡುವೆ ಆ ಒಂದು ವಾಕ್ಯದ ಮಟ್ಟಿಗೆ ನನ್ನ ಹೆಸರು ಬೋಳಾಗಿತ್ತು.

ನಿಯಮ ನನಗೆ ತಿಳಿಯದ್ದೇನಲ್ಲ. ಹೊರಗಿನವರ ಎದುರು ನಮ್ಮವರ ಹೆಸರಿಗೆ ಗೌರವಸೂಚಕ ಹಚ್ಚಬಾರದೆಂದು ಜಪಾನಿ ಕಲಿಸುವ ಪುಸ್ತಕಗಳೆಲ್ಲ ಹೇಳುತ್ತವೆ. ಆ ಪುಸ್ತಕಗಳ ಉದಾಹರಣೆಗಳಲ್ಲಿ ಸಾನ್ ಕಳೆದುಕೊಳ್ಳುವವರು ತನಾಕಾ ಎಂಬ ಅಧ್ಯಕ್ಷರೋ ಯಮದಾ ಎಂಬ ವಿಭಾಗ ಮುಖ್ಯಸ್ಥರೋ ಆಗಿರುತ್ತಾರೆ, ಮತ್ತು ಅದನ್ನು ಓದುವವರಿಗೆ ಅದೊಂದು ವ್ಯಾಕರಣದ ಚಮತ್ಕಾರದಂತೆ ಕಂಡು ಮರೆತೂ ಹೋಗುತ್ತದೆ. ತನ್ನದೇ ಹೆಸರಿನ ಮೇಲೆ ಆ ನಿಯಮ ನಡೆದಾಗ ಮಾತ್ರ ಅದು ಬೇರೆಯೇ ಒಂದು ಪ್ರಶ್ನೆಯಾಗುತ್ತದೆ. ಒಂದು ಕಡೆ ಕಿರಿಯರ ಬಾಯಲ್ಲಿ ಬೋಳು ಹೆಸರು ಕೇಳಿದ ಕನ್ನಡದ ಕಿವಿಗೆ ಸಣ್ಣಗೆ ಚುರುಕೆಂದಿತು. ಇನ್ನೊಂದು ಕಡೆ ಈ ಕಚೇರಿ ನನ್ನನ್ನು ‘ನಮ್ಮವರು’ ಎಂಬ ಲೆಕ್ಕಕ್ಕೆ ಸೇರಿಸಿಕೊಂಡಿದೆ ಎಂಬ ಸಂತೋಷವೂ ಆಯಿತು. ಒಂದೇ ವಾಕ್ಯ ನನ್ನನ್ನು ಕೆಳಗಿಳಿಸಿತ್ತು, ಒಳಗೂ ಕರೆದುಕೊಂಡಿತ್ತು. ಜಪಾನಿ ಗೌರವಸೂಚಕಗಳ ಬಗ್ಗೆ ಅಂದಿನಿಂದ ಯೋಚಿಸಿದ್ದೆಲ್ಲ ಈ ಎರಡು ಭಾವಗಳು ಹೇಗೆ ಒಟ್ಟಿಗಿರಬಲ್ಲವು ಎಂಬುದರ ಸುತ್ತಲೇ ಸುತ್ತಿದೆ.

ಎತ್ತರ ಮತ್ತು ಗೆರೆ

ನಮ್ಮಲ್ಲಿ ಗೌರವ ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ಸಾಹೇಬರನ್ನು ಕೇಳಿಕೊಂಡು ಯಾರಾದರೂ ಕಚೇರಿಗೆ ಬಂದರೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎನ್ನುತ್ತೇವೆ. ಬಂದವರು ಮಂತ್ರಿಗಳೇ ಆಗಿದ್ದರೂ ಸಾಹೇಬರು ‘ಇದ್ದಾನೆ’ ಆಗುವುದಿಲ್ಲ. ಕೇಳಿಸಿಕೊಳ್ಳುತ್ತಿರುವವರು ಯಾರು ಎಂಬುದರಿಂದ, ಯಾರ ಬಗ್ಗೆ ಮಾತನಾಡುತ್ತಿದ್ದೇವೋ ಅವರ ಮರ್ಯಾದೆ ಏರುಪೇರಾಗುವುದು ನಮಗೆ ಒಗ್ಗುವ ಸಂಗತಿಯಲ್ಲ. ಕೊರಿಯನ್ ಭಾಷೆಯೂ ಬಹುಮಟ್ಟಿಗೆ ಹೀಗೆಯೇ. ಅಲ್ಲಿಯ ಉದ್ಯೋಗಿ ತನ್ನ ಮೇಲಧಿಕಾರಿಯನ್ನು ಹೊರಗಿನವರ ಮುಂದೆಯೂ ಗೌರವದಿಂದಲೇ ಹೆಸರಿಸುತ್ತಾನೆ. ಜಪಾನಿನ ಭಾಷಾವಿದ್ವಾಂಸರು ಇಂಥದ್ದನ್ನು ನಿರಪೇಕ್ಷ ಗೌರವವೆಂದೂ ತಮ್ಮ ಭಾಷೆಯದನ್ನು ಸಾಪೇಕ್ಷ ಗೌರವವೆಂದೂ ವಿಂಗಡಿಸುತ್ತಾರೆ. ಸ್ವಾರಸ್ಯವೆಂದರೆ ಹಳೆಯ ಜಪಾನಿ ಭಾಷೆಯೂ ನಿರಪೇಕ್ಷದ ಕಡೆಗೇ ವಾಲಿತ್ತು. ಪ್ರಾಚೀನ ಬರಹಗಳಲ್ಲಿ ಚಕ್ರವರ್ತಿ ತನ್ನ ಬಗ್ಗೆ ತಾನೇ ಗೌರವರೂಪದಲ್ಲಿ ಮಾತನಾಡುತ್ತಾನೆ. ಎತ್ತರ ಆತನದು, ಆದ್ದರಿಂದ ಮಾತು ಯಾರದಾದರೂ ಆ ಎತ್ತರ ಕಾಣಲೇಬೇಕು.

ಇಂದಿನ ಜಪಾನಿಯಲ್ಲಿ ಎತ್ತರದ ಜೊತೆಗೆ ಒಂದು ಗೆರೆಯೂ ಇದೆ. ಗೆರೆಯ ಈಚೆಗಿರುವುದು ‘ಉಚಿ’, ಅಂದರೆ ಒಳಗು, ಮನೆ, ನಮ್ಮ ಕಡೆ. ಆಚೆಗಿರುವುದು ‘ಸೊತೊ’, ಹೊರಗು. ಮಾತನಾಡುವವರು ಪ್ರತಿ ಸಲವೂ ಈ ಗೆರೆಯನ್ನು ಹೊಸದಾಗಿ ಎಳೆಯುತ್ತಾರೆ. ಕಚೇರಿಯೊಳಗೆ ನಾನೂ ನನ್ನ ಮೇಲಧಿಕಾರಿಯೂ ಗೆರೆಯ ಎರಡು ಬದಿಗಿರಬಹುದು. ಗ್ರಾಹಕರ ಫೋನ್ ಬಂದೊಡನೆ ಇಬ್ಬರೂ ಒಂದೇ ಬದಿಗೆ ಬರುತ್ತೇವೆ, ಮತ್ತು ಈಚೆಗಿರುವವರೆಲ್ಲ, ಅಧ್ಯಕ್ಷರೂ ಸೇರಿ, ಆಚೆಗಿರುವವರ ಮುಂದೆ ತಗ್ಗುತ್ತೇವೆ. ಮನೆಯಲ್ಲಿಯೂ ಇದೇ ಲೆಕ್ಕ. ಮಗ ತಾಯಿಯನ್ನು ಎದುರಿಗೆ ‘ಒಕಾಸಾನ್’ ಎಂದು ಕರೆಯುತ್ತಾನೆ, ಹೊರಗಿನವರಿಗೆ ಹೇಳುವಾಗ ಅದೇ ತಾಯಿ ‘ಹಹಾ’ ಆಗುತ್ತಾರೆ, ಕೇಳುವವರು ಅವನ ತಾಯಿಯ ಬಗ್ಗೆ ವಿಚಾರಿಸುವಾಗ ಮತ್ತೆ ‘ಒಕಾಸಾನ್’. ಹೆಂಡತಿ ಗಂಡನನ್ನು ‘ಶುಜಿನ್’ ಎನ್ನುವುದು ನಮ್ಮ ‘ಯಜಮಾನರು’ ಎಂಬುದಕ್ಕೆ ತೀರ ಹತ್ತಿರ. ಇಂದಿನ ಹಲವು ಜಪಾನಿ ಮಹಿಳೆಯರಿಗೆ ಆ ಮಾತು ಇಷ್ಟವಿಲ್ಲದಿರುವುದೂ ನಮ್ಮಂತೆಯೇ. ಆದರೆ ನಮ್ಮಲ್ಲಿ ‘ಯಜಮಾನರು ಊರಲ್ಲಿಲ್ಲ’ ಎನ್ನುವಾಗ ಉಳಿದ ವಾಕ್ಯವೂ ಗೌರವದಲ್ಲಿಯೇ ಸಾಗುತ್ತದೆ. ಜಪಾನಿಯಲ್ಲಿ ಹೆಸರಿಗೆ ಯಜಮಾನನಾದರೂ ಕ್ರಿಯಾಪದದಲ್ಲಿ ಆತ ವಿನಯದಿಂದ ಬಾಗಿರುತ್ತಾನೆ.

ಕ್ರಿಯಾಪದಗಳ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ‘ಹೇಳು’ ಎಂಬುದಕ್ಕೆ ಸಾಮಾನ್ಯವಾದ ‘ಇಉ’ ಇದೆ. ಆಚೆಯವರು ಹೇಳಿದರೆ ‘ಒಶ್ಶಾರು’, ಈಚೆಯವರು ಹೇಳಿದರೆ ‘ಮೋಸು’. ತಿನ್ನುವುದಕ್ಕೆ ‘ಮೆಶಿಅಗರು’, ‘ಇತದಾಕು’ ಎಂಬ ಜೋಡಿ. ನೋಡುವುದಕ್ಕೆ, ಮಾಡುವುದಕ್ಕೆ, ತಿಳಿಯುವುದಕ್ಕೆ ಹೀಗೆಯೇ ಜೋಡಿಗಳಿವೆ. ಮೊದಲನೆಯ ಬಗೆಯನ್ನು ಸೊಂಕೇಗೊ ಎನ್ನುತ್ತಾರೆ, ಆಚೆಯವರನ್ನು ಏರಿಸುವ ಮಾತು. ಎರಡನೆಯದು ಕೆಂಜೋಗೊ, ತನ್ನನ್ನು ತಗ್ಗಿಸಿಕೊಳ್ಳುವ ಮಾತು. ಇವೆರಡನ್ನೂ, ‘ದೆಸು’, ‘ಮಾಸು’ ಎಂದು ಕೊನೆಯಾಗುವ ಸೌಜನ್ಯದ ಮಾತನ್ನೂ ಒಟ್ಟುಗೂಡಿಸಿ ಕೇಗೊ ಎಂದು ಕರೆಯುತ್ತಾರೆ. ಕನ್ನಡದಲ್ಲಿ ‘ಬಂದೆ’, ‘ಬಂದೆಯಾ’, ‘ಬಂದರು’ ಎನ್ನುವಾಗ ಬಂದದ್ದು ಯಾರು ಎಂಬುದು ಕ್ರಿಯಾಪದದ ಬಾಲದಲ್ಲಿಯೇ ಇದೆ. ಜಪಾನಿ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ, ಕರ್ತೃಪದವನ್ನು ಬಿಟ್ಟುಬಿಡುವುದೇ ಅಲ್ಲಿಯ ವಾಡಿಕೆ. ಹಾಗಾದರೆ ಗೊತ್ತಾಗುವುದು ಹೇಗೆ? ‘ಒಶ್ಶಾರು’ ಎಂದಿದ್ದರೆ ಹೇಳಿದ್ದು ನೀವು, ‘ಮೋಸು’ ಎಂದಿದ್ದರೆ ನಾನು. ನನಗೆ ಬರುವ ಕಚೇರಿಯ ಮಿಂಚಂಚೆಗಳಲ್ಲಿ ನಾನು, ನೀವು ಎಂಬ ಪದಗಳಿಲ್ಲದೆ ಪುಟಗಟ್ಟಲೆ ವ್ಯವಹಾರ ನಡೆದುಹೋಗುತ್ತದೆ, ಯಾರು ಏನು ಮಾಡಬೇಕೆಂಬುದರಲ್ಲಿ ಗೊಂದಲವೂ ಉಂಟಾಗುವುದಿಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ಬರೆದ ‘ಗೆಂಜಿಯ ಕಥೆ’ಯನ್ನು ಓದುವವರು ಇಂದಿಗೂ ಈ ಹಗ್ಗ ಹಿಡಿದೇ ನಡೆಯಬೇಕು. ಅಲ್ಲಿ ಪಾತ್ರಗಳಿಗೆ ಹೆಸರೇ ಅಪರೂಪ, ಯಾವ ಮಟ್ಟದ ಗೌರವರೂಪ ಬಳಕೆಯಾಗಿದೆ ಎಂಬುದರಿಂದ ಮಾತನಾಡಿದವರು ಯಾರು, ನಡೆದುಹೋದವರು ಯಾರು ಎಂದು ಊಹಿಸಬೇಕು. ಹೀಗಿರುವಾಗ ಕೇಗೊವನ್ನು ಬರೀ ಮರ್ಯಾದೆ ಎಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಅದು ಆ ಭಾಷೆಯ ಸರ್ವನಾಮದ ಕೆಲಸವನ್ನೂ ಮಾಡುತ್ತಿದೆ.

ಎರಡು ಗೆರೆ ಎಳೆದು ಗೌರವ ಅಳಿಸುವುದು

ಸಹೋದ್ಯೋಗಿಯೊಬ್ಬರ ಮದುವೆಯ ಕರೆಯೋಲೆ ಬಂದಾಗ ಅದರೊಂದಿಗೆ ಉತ್ತರ ಬರೆದು ಕಳಿಸಬೇಕಾದ ಅಂಚೆ ಕಾರ್ಡೂ ಇತ್ತು. ನಮ್ಮ ವಾರ್ಡಿನಲ್ಲಿ ವಿದೇಶಿಯರಿಗೆ ಜಪಾನಿ ಕಲಿಸುವ ಸ್ವಯಂಸೇವಕರ ತರಗತಿಯೊಂದು ನಡೆಯುತ್ತದೆ. ಅಲ್ಲಿನ ಹಿರಿಯ ಮಹಿಳೆಯೊಬ್ಬರಿಗೆ ಆ ಕಾರ್ಡನ್ನು ತೋರಿಸಿದೆ. ಅವರು ಮೊದಲು ಕೈಚೀಲದಿಂದ ಕನ್ನಡಕ ತೆಗೆದರು, ಆಮೇಲೆ ಒಂದು ಸಣ್ಣ ಅಳತೆಪಟ್ಟಿ. ಕಾರ್ಡಿನಲ್ಲಿ ‘ಗೊ-ಶುಸ್ಸೆಕಿ’, ‘ಗೊ-ಕೆಸ್ಸೆಕಿ’ ಎಂದು ಎರಡು ಆಯ್ಕೆಗಳು ಅಚ್ಚಾಗಿದ್ದವು: ಬರುತ್ತೇನೆ, ಬರಲಾಗುವುದಿಲ್ಲ. ಕೆಳಗೆ ಹೆಸರಿಗೊಂದು, ವಿಳಾಸಕ್ಕೊಂದು ಜಾಗ. ನಾನಾದರೆ ಬರುತ್ತೇನೆ ಎಂಬುದಕ್ಕೆ ಸುತ್ತು ಹಾಕಿ ಮುಗಿಸುತ್ತಿದ್ದೆ. ಅವರು ಅಳತೆಪಟ್ಟಿ ಇಟ್ಟು, ‘ಗೊ-ಶುಸ್ಸೆಕಿ’ಯ ಮೊದಲಲ್ಲಿದ್ದ ‘ಗೊ’ ಎಂಬ ಅಕ್ಷರದ ಮೇಲೆ ಎರಡು ಗೆರೆ ಎಳೆಯಲು ಹೇಳಿದರು. ಅದು ಗೌರವದ ಅಕ್ಷರ. ಆಹ್ವಾನಿಸಿದವರು ‘ತಮ್ಮ ಆಗಮನ’ ಎಂದು ಅಚ್ಚು ಹಾಕಿಸಿದ್ದಾರೆ, ಆದರೆ ಕಾರ್ಡು ಹಿಂದಿರುಗುವಾಗ ಮಾತು ನಿಮ್ಮದಾಗುತ್ತದೆ, ನಿಮ್ಮ ಬರವಿಗೆ ನೀವೇ ಗೌರವ ಹಚ್ಚಿಕೊಳ್ಳುವುದು ಹೇಗೆ ಎಂದರು. ‘ಗೊ-ಜೂಶೊ’ ಎಂದಿದ್ದ ವಿಳಾಸದ ‘ಗೊ’ ಕೂಡ ಹೋಯಿತು. ಹೆಸರು ಬರೆಯುವಲ್ಲಿ ‘ಗೊ-ಹೋಮೇ’ ಎಂದಿತ್ತು, ನಮ್ಮ ‘ಶುಭನಾಮ’ದ ಹಾಗೆ. ಅಲ್ಲಿ ಎರಡು ಅಕ್ಷರಗಳನ್ನು ಹೊಡೆದುಹಾಕಿದ ಮೇಲೆ ಬರೀ ‘ಹೆಸರು’ ಉಳಿಯಿತು.

ಮತ್ತೆ ಕಾರ್ಡನ್ನು ತಿರುಗಿಸಿದರು. ವಿಳಾಸದ ಬದಿಯಲ್ಲಿ ಮದುಮಗನ ಹೆಸರಿನ ಕೆಳಗೆ ‘ಇವರಿಗೆ’ ಎಂಬ ಅರ್ಥದ ಒಂದು ಸಪ್ಪೆ ಅಕ್ಷರ ಮುದ್ರಿತವಾಗಿತ್ತು. ತನ್ನ ಹೆಸರಿಗೆ ತಾನೇ ಗೌರವಸೂಚಕ ಅಚ್ಚು ಹಾಕಿಸಬಾರದಲ್ಲ, ಅದಕ್ಕೆ. ಅದನ್ನೂ ಎರಡು ಗೆರೆಗಳಿಂದ ಹೊಡೆದು, ಪಕ್ಕದಲ್ಲಿ ನನ್ನ ಕೈಯಿಂದ ‘ಸಾಮಾ’ ಎಂದು, ಸಾನ್‌ಗಿಂತ ಹೆಚ್ಚಿನ ಗೌರವಸೂಚಕವನ್ನು, ಬರೆಸಿದರು. ಹೀಗೆ ಒಂದು ಸಣ್ಣ ಕಾರ್ಡಿನ ಒಂದು ಬದಿಯಲ್ಲಿ ನನಗೆ ಸಂದ ಗೌರವವನ್ನೆಲ್ಲ ಕಳೆದು, ಇನ್ನೊಂದು ಬದಿಯಲ್ಲಿ ಅವರು ಖಾಲಿ ಬಿಟ್ಟಿದ್ದ ಗೌರವವನ್ನು ತುಂಬಿಸಿ ಆಯಿತು. ಎರಡೂ ಕಡೆಯವರಿಗೂ ಇದು ಮೊದಲೇ ಗೊತ್ತು. ಅಳಿಸಲೆಂದೇ ಅಚ್ಚು ಹಾಕಿಸುತ್ತಾರೆ, ತುಂಬಿಸಲೆಂದೇ ಖಾಲಿ ಬಿಡುತ್ತಾರೆ. (ನಮ್ಮ ಲಗ್ನಪತ್ರಿಕೆಗಳಲ್ಲೇನು ಕಡಿಮೆ ಜಾಣ್ಮೆಯೇ? ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಯಾವ ದೊಡ್ಡಪ್ಪನ ಹೆಸರು ಯಾವ ಚಿಕ್ಕಪ್ಪನ ಮೇಲೆ ಬರಬೇಕು ಎಂಬುದಕ್ಕೆ ಮನೆ ಮುರಿದದ್ದೂ ಉಂಟು. ಆದರೆ ನಮ್ಮದು ಎತ್ತರದ ಜಗಳ.) ಇದನ್ನೆಲ್ಲ ಟೊಳ್ಳು ಶಿಷ್ಟಾಚಾರ ಎನ್ನುವವರಿದ್ದಾರೆ, ಜಪಾನಿನ ಯುವಕರಲ್ಲೂ ಇದ್ದಾರೆ. ನನಗೆ ಹಾಗೆನಿಸುವುದಿಲ್ಲ. ಗೌರವ ಯಾರೊಬ್ಬರ ಆಸ್ತಿಯೂ ಅಲ್ಲ, ಕೊಟ್ಟವರಿಗೆ ಅದನ್ನು ಹಿಂದಿರುಗಿಸಬೇಕು ಎಂಬುದನ್ನು ಪೆನ್ನಿನಿಂದ ಮಾಡಿ ತೋರಿಸುವ ಇನ್ನೊಂದು ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸರ್ಕಾರ ಹೇಳಿದ್ದು, ಜನ ಆಡಿದ್ದು

ಯುದ್ಧದಲ್ಲಿ ಸೋತ ಜಪಾನು ತನ್ನ ಸಂವಿಧಾನವನ್ನು ಹೊಸದಾಗಿ ಬರೆದುಕೊಂಡಾಗ ತನ್ನ ಗೌರವಸೂಚಕಗಳನ್ನೂ ತಿದ್ದಿಕೊಳ್ಳಲು ಹೊರಟಿತು. 1947ರಲ್ಲಿ ಅರಮನೆಯ ಅಧಿಕಾರಿಗಳೂ ಪತ್ರಿಕೆಗಳವರೂ ಒಂದು ಒಪ್ಪಂದಕ್ಕೆ ಬಂದರು: ಚಕ್ರವರ್ತಿಯ ದೇಹಕ್ಕೆ ‘ಗ್ಯೊಕುತಾಯ್’, ಮುಖಕ್ಕೆ ‘ರ್ಯೂಗನ್’ ಮುಂತಾದ ಪ್ರತ್ಯೇಕ ಪದಗಳು ಇನ್ನು ಬೇಡ, ಎಲ್ಲರಿಗೂ ಅರ್ಥವಾಗುವ ಸಾಮಾನ್ಯ ಪದಗಳ ಗೌರವರೂಪವೇ ಸಾಕು. 1952ರಲ್ಲಿ ಕೊಕುಗೊ ಶಿಂಗಿಕಾಯ್ ಎಂಬ ರಾಷ್ಟ್ರಭಾಷಾ ಮಂಡಳಿ ‘ಕೊರೆಕರಾ ನೊ ಕೇಗೊ’, ಅಂದರೆ ಮುಂದಿನ ದಿನಗಳ ಕೇಗೊ, ಎಂಬ ಶಿಫಾರಸನ್ನು ಹೊರಡಿಸಿತು. ಇದುವರೆಗಿನ ಕೇಗೊ ಮೇಲುಕೀಳಿನ ಸಂಬಂಧದ ಮೇಲೆ ಬೆಳೆದಿದೆ, ಇನ್ನು ಮುಂದೆ ಅದು ಪರಸ್ಪರ ಗೌರವದ ಮೇಲೆ ನಿಲ್ಲಬೇಕು ಎಂಬುದು ಅದರ ಆಶಯ. ಯಾರನ್ನಾದರೂ ಕರೆಯಲು ‘ಸಾನ್’ ಸಾಕು, ‘ಸಾಮಾ’ ಔಪಚಾರಿಕ ಸಂದರ್ಭಗಳಿಗೆ ಮತ್ತು ಪತ್ರಗಳಿಗೆ ಇರಲಿ, ಎದುರಿಗಿರುವವರಿಗೆ ‘ಅನಾತಾ’ ಎಂಬುದೇ ಪ್ರಮಾಣರೂಪವಾಗಲಿ ಎಂದು ಅದು ಹೇಳಿತು.

ಸಾನ್ ಗೆದ್ದಿತು. ಅನಾತಾ ಸೋತಿತು. ಇಂದು ಮೇಲಧಿಕಾರಿಯನ್ನೋ ಗುರುಗಳನ್ನೋ ಗ್ರಾಹಕರನ್ನೋ ಅನಾತಾ ಎಂದರೆ ಒರಟಾಗುತ್ತದೆ. ಜಾಹೀರಾತು, ಅರ್ಜಿ ನಮೂನೆ, ಹಳೆಯ ಕಾಲದ ಹೆಂಡತಿ ಗಂಡನನ್ನು ಕರೆಯುವ ದನಿ, ಇಷ್ಟೇ ಅದಕ್ಕೆ ಉಳಿದ ಕ್ಷೇತ್ರ. ಎದುರಿಗಿರುವವರನ್ನು ಹೆಸರಿನಿಂದಲೋ ಹುದ್ದೆಯಿಂದಲೋ ಕರೆಯುತ್ತಾರೆ, ಸಾಧ್ಯವಾದರೆ ಕರೆಯದೆಯೇ ಮಾತು ಮುಗಿಸುತ್ತಾರೆ. ಇದರಲ್ಲಿ ಮಂಡಳಿಯ ತಪ್ಪೇನಿಲ್ಲ. ನೇರವಾಗಿ ಬೆರಳು ಮಾಡುವ ಪದಗಳು ಜಪಾನಿಯಲ್ಲಿ ಬೇಗ ಸವೆಯುತ್ತವೆ. ‘ಕಿಸಾಮಾ’ ಒಂದು ಕಾಲಕ್ಕೆ ಪತ್ರಗಳಲ್ಲಿ ಬಳಸುತ್ತಿದ್ದ ಆದರದ ಸಂಬೋಧನೆ, ಇಂದು ಜಗಳದ ಬೈಗುಳ. ‘ಒಮಾಎ’ಯೂ ಹಾಗೆಯೇ ಇಳಿದು ಬಂದದ್ದು. ಸವೆದ ಪದದ ಜಾಗಕ್ಕೆ ಇನ್ನಷ್ಟು ಉದ್ದದ, ಇನ್ನಷ್ಟು ಬಳಸು ದಾರಿಯ ರೂಪ ಬರುತ್ತದೆ. ಈಗ ಎಲ್ಲೆಲ್ಲೂ ಕೇಳುವ ‘ಸಸೆತೆ ಇತದಾಕು’ ಅಂಥದ್ದು. ‘ನಿಮ್ಮ ಅಪ್ಪಣೆಯಿಂದ ಮಾಡುವ ಭಾಗ್ಯ ಪಡೆಯುತ್ತೇನೆ’ ಎಂಬಂಥ ಆ ರೂಪವನ್ನು ಅಂಗಡಿಯ ಬಾಗಿಲಿನ ರಜೆಯ ಸೂಚನೆಯಲ್ಲೂ, ಮದುವೆಯಾದೆವೆಂಬ ತಾರೆಯರ ಪ್ರಕಟಣೆಯಲ್ಲೂ ಕಾಣಬಹುದು. 2007ರಲ್ಲಿ ಸಂಸ್ಕೃತಿ ಮಂಡಳಿ ಹೊರಡಿಸಿದ ಕೇಗೊ ಮಾರ್ಗಸೂಚಿ, ಇನ್ನೊಬ್ಬರ ಅನುಮತಿಯಿದ್ದು ಅದರಿಂದ ತನಗೆ ಉಪಕಾರವೂ ಆಗುವಲ್ಲಿ ಇದನ್ನು ಬಳಸುವುದು ಸರಿ ಎಂದು ವಿವರಿಸಿತು. ಮದುವೆಗೆ ಅಭಿಮಾನಿಗಳ ಅನುಮತಿ ಬೇಕೆ ಎಂದು ಗೊಣಗುವವರು ಇಂದಿಗೂ ಗೊಣಗುತ್ತಲೇ ಇದ್ದಾರೆ.

ಈ ಏರಿಕೆಯನ್ನು ತಾಳ್ಮೆಯಿಂದ ಅಳೆದವರೂ ಇದ್ದಾರೆ. ಐಚಿ ಪ್ರಾಂತ್ಯದ ಒಕಜಾಕಿ ನಗರದಲ್ಲಿ ಜಪಾನಿ ಭಾಷೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯವರು 1953ರಲ್ಲಿ, 1972ರಲ್ಲಿ, ಮತ್ತೆ 2008ರಲ್ಲಿ ಜನರ ಗೌರವಭಾಷೆಯ ಸಮೀಕ್ಷೆ ನಡೆಸಿದರು. ಉಪಕಾರ ಪಡೆದೆ ಎಂಬ ಧ್ವನಿಯ ‘ತೆ ಇತದಾಕು’ ರೂಪಗಳು ಈ ಅವಧಿಯಲ್ಲಿ ಹೆಚ್ಚಿದವು, ಮತ್ತು ಜನರು ಕೇಗೊವನ್ನು ಬಾಲ್ಯದಲ್ಲಿ ಕಲಿತು ಮುಗಿಸುವುದಿಲ್ಲ, ನಡುವಯಸ್ಸಿನವರೆಗೂ ಕಲಿಯುತ್ತಲೇ ಇರುತ್ತಾರೆ ಎಂಬುದೂ ಆ ಅಧ್ಯಯನದಿಂದ ಕಂಡುಬಂತು. ನನ್ನಂಥವರಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಬೇರೊಂದಿಲ್ಲ.

ಎತ್ತರ ತಗ್ಗಿದರೂ

ಎತ್ತರವನ್ನು ತಗ್ಗಿಸುವ ಕೆಲಸ ಜಪಾನಿನಲ್ಲಿ ನಿಂತಿಲ್ಲ. ಸಂಸತ್ತಿನಲ್ಲಿ ಅಧ್ಯಕ್ಷರು ಸದಸ್ಯರನ್ನು, ಹೆಂಗಸರಾದರೂ ಗಂಡಸರಾದರೂ, ಸಾಮಾನ್ಯವಾಗಿ ಹುಡುಗರ, ಕಿರಿಯರ ಹೆಸರಿಗೆ ಸೇರುವ ‘ಕುನ್’ ಹಚ್ಚಿ ಕರೆಯುವುದು ಸಂಪ್ರದಾಯ. 1993ರಲ್ಲಿ ಕೆಳಮನೆಯ ಮೊದಲ ಮಹಿಳಾ ಸಭಾಧ್ಯಕ್ಷರಾದ ದೊಯಿ ತಕಾಕೊ ಅದನ್ನು ಬಿಟ್ಟು ಎಲ್ಲರನ್ನೂ ಸಾನ್ ಎಂದು ಕರೆದರು. ಅವರ ನಂತರ ಕುನ್ ಮರಳಿತು. ಹಲವು ಪ್ರಾಥಮಿಕ ಶಾಲೆಗಳಲ್ಲಿ ಈಗ ಹುಡುಗರಿಗೆ ಕುನ್, ಹುಡುಗಿಯರಿಗೆ ಸಾನ್ ಎಂಬ ಭೇದ ಬಿಟ್ಟು ಎಲ್ಲ ಮಕ್ಕಳಿಗೂ ಸಾನ್ ಎನ್ನುತ್ತಾರೆ. ಹುದ್ದೆಯ ಹೆಸರಿನಿಂದ ಕರೆಯುವುದನ್ನು ನಿಲ್ಲಿಸಿ ಅಧ್ಯಕ್ಷರಿಂದ ಹೊಸಬರವರೆಗೆ ಎಲ್ಲರೂ ಸಾನ್ ಎಂದು ಸಾರಿದ ಕಂಪನಿಗಳೂ ಬೇಕಾದಷ್ಟಿವೆ. ಆಸ್ಪತ್ರೆಗಳು ಮಾತ್ರ ಒಮ್ಮೆ ಎದುರು ದಿಕ್ಕಿಗೆ ಹೋಗಿ, ರೋಗಿಗಳನ್ನು ‘ಕಂಜಾ-ಸಾಮಾ’ ಎಂದು ಏರಿಸಿ, ಅದು ಗಿರಾಕಿಗಳನ್ನು ಕರೆದಂತೆ ಕೇಳಿಸಿದ್ದರಿಂದ ಬಹಳಷ್ಟು ಕಡೆ ‘ಕಂಜಾ-ಸಾನ್’ ಎಂಬಲ್ಲಿಗೆ ಮರಳಿದವು.

ಇವುಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಪತ್ರಿಕೆಗಳ ಬದಲಾವಣೆ. ಮೊದಲು ಪೊಲೀಸರು ಯಾರನ್ನಾದರೂ ಬಂಧಿಸಿದ ಗಳಿಗೆಯಿಂದ ಪತ್ರಿಕೆಗಳಲ್ಲಿ ಆತನ ಹೆಸರು ಬೋಳಾಗುತ್ತಿತ್ತು. ತೀರ್ಪು ಬರುವ ಮೊದಲೇ ಹೀಗೆ ಸಾನ್ ಕಿತ್ತುಕೊಳ್ಳುವುದು ಶಿಕ್ಷೆ ಕೊಟ್ಟಂತೆಯೇ ಎಂಬ ವಾದ ಬಲಗೊಂಡು, 1980ರ ದಶಕದ ಕೊನೆಯ ಹೊತ್ತಿಗೆ ಪ್ರಮುಖ ಪತ್ರಿಕೆಗಳೂ ಪ್ರಸಾರ ಸಂಸ್ಥೆಗಳೂ ಹೆಸರಿನ ಹಿಂದೆ ‘ಯೋಗಿಶಾ’, ಅಂದರೆ ಶಂಕಿತ, ಎಂದು ಸೇರಿಸತೊಡಗಿದವು. ಅದು ಗೌರವವೇನಲ್ಲ, ಆದರೆ ಬೋಳು ಹೆಸರಿನ ತೀರ್ಪೂ ಅಲ್ಲ. ಕನ್ನಡ ಪತ್ರಿಕೆಗಳಲ್ಲಿ ನಿನ್ನೆಯವರೆಗೆ ‘ಹೇಳಿದರು’ ಆಗಿದ್ದ ಸಾಮಾನ್ಯ ಮನುಷ್ಯ ಬಂಧನವಾದ ಮರುದಿನ ‘ಹೇಳಿದ್ದಾನೆ’ ಆಗುವುದನ್ನು ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಬಂಧಿತರು ರಾಜಕಾರಣಿಯಾಗಿದ್ದರೆ ಬಹುವಚನ ಉಳಿಯುತ್ತದೆ, ಕೂಲಿಯವನಾಗಿದ್ದರೆ ಹೋಗುತ್ತದೆ. ನಮ್ಮಲ್ಲಿ ಇದರ ಬಗ್ಗೆ ಒಂದು ಚರ್ಚೆಯೂ ನಡೆಯದಿರುವುದು ನನ್ನ ಮಟ್ಟಿಗೆ ನಾಚಿಕೆಯ ವಿಷಯ.

ಆದರೆ ಈ ಎಲ್ಲ ಸುಧಾರಣೆಗಳೂ ಮುಟ್ಟಿದ್ದು ಎತ್ತರವನ್ನು ಮಾತ್ರ. ಎಲ್ಲರೂ ಸಾನ್ ಎಂದು ಸಾರಿದ ಕಂಪನಿಯಲ್ಲಿಯೂ ಗ್ರಾಹಕರ ಫೋನ್ ಬಂದಾಗ ಅಧ್ಯಕ್ಷರ ಹೆಸರು ಬೋಳಾಗುತ್ತದೆ. ಗೆರೆ ಹಾಗೆಯೇ ಇದೆ, ಮತ್ತು ಗೆರೆಯ ಆಚೆಗೆ ನಿಂತವರಿಗೆ ಅದು ಎಷ್ಟು ನಯವಾದ ಗೋಡೆ ಎಂಬುದು ವಿದೇಶಿಯರಿಗೆ ಬೇಗ ತಿಳಿಯುತ್ತದೆ. ಬಹಳ ವರ್ಷ ಒಂದೇ ಬೀದಿಯಲ್ಲಿದ್ದರೂ ಅಕ್ಕಪಕ್ಕದವರು ಸ್ವಲ್ಪವೂ ಕಡಿಮೆಯಾಗದ ಮರ್ಯಾದೆಯಿಂದ ಮಾತನಾಡಿಸುತ್ತಾರೆ. ನಮ್ಮ ಊರುಗಳಲ್ಲಿ ‘ನೀವು’ ಎಂಬುದು ಯಾವಾಗ ‘ನೀನು’ ಆಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮನಿಗೂ ದೇವರಿಗೂ ಏಕವಚನವನ್ನೇ ಸಲ್ಲಿಸುವ ಕನ್ನಡಿಗರಿಗೆ ಮರ್ಯಾದೆಯ ಹಿಂದಿನ ದೂರ ಕೇಳಿಸದೆ ಇರುವುದು ಹೇಗೆ? ಅಂದು ಫೋನಿನಲ್ಲಿ ಕೇಳಿದ ಬೋಳು ಹೆಸರು ನನಗೆ ಚುರುಕೆನಿಸಿಯೂ ಖುಷಿ ಕೊಟ್ಟದ್ದು ಇದೇ ಕಾರಣಕ್ಕೆ ಎಂದು ಈಗ ಅನಿಸುತ್ತದೆ. ಆ ಮಟ್ಟಿಗೆ ಗೆರೆ ನನ್ನನ್ನು ದಾಟಿ ಹೊರಗೆ ಬಿದ್ದಿತ್ತು.

ಕ್ಯೋಟೊದಲ್ಲಿ ಬೇರೆ, ಇಬರಾಕಿಯಲ್ಲಿ ಬೇರೆ

ಇದು ಜಪಾನಿಯರ ಹುಟ್ಟುಗುಣ ಎನ್ನುವ ಮಾತನ್ನು ನಾನು ನಂಬುವುದಿಲ್ಲ, ಏಕೆಂದರೆ ಈ ಗೆರೆ ಜಪಾನಿನುದ್ದಕ್ಕೂ ಒಂದೇ ರೀತಿ ಇಲ್ಲ. ಕ್ಯೋಟೊದ ಮಾತಿನಲ್ಲಿ ಕ್ರಿಯಾಪದಕ್ಕೆ ‘ಹಾರು’ ಎಂಬ ಗೌರವದ ಬಾಲ ಸೇರುತ್ತದೆ, ಮತ್ತು ಅಲ್ಲಿಯ ಹೆಂಗಸರು ಅದನ್ನು ಹೊರಗಿನವರ ಎದುರಿಗೇ ತಮ್ಮ ಮನೆಯವರಿಗೂ, ಹಾಲು ಕುಡಿಯುವ ಕೂಸಿಗೂ, ಅಂಗಳದ ಬೆಕ್ಕಿಗೂ ಹಚ್ಚುತ್ತಾರೆ. ಪಠ್ಯಪುಸ್ತಕದ ಉಚಿ-ಸೊತೊ ಅಲ್ಲಿ ಲೆಕ್ಕಕ್ಕಿಲ್ಲ. ಇನ್ನು ಟೋಕಿಯೊದ ಉತ್ತರಕ್ಕಿರುವ ಇಬರಾಕಿ, ತೊಚಿಗಿ ಪ್ರಾಂತ್ಯಗಳ ಆಡುಮಾತುಗಳನ್ನು ಭಾಷಾಭೂಗೋಳದವರು ಕೇಗೊ ಇಲ್ಲದ ಸೀಮೆಯ ಮಾತುಗಳೆಂದೇ ಗುರುತಿಸುತ್ತಾರೆ.

ನಮ್ಮ ತಂಡದಲ್ಲಿ ಇಬರಾಕಿಯವರೊಬ್ಬರಿದ್ದಾರೆ. ಗ್ರಾಹಕರೊಂದಿಗೆ ಅವರಷ್ಟು ನಯವಾಗಿ ಮಾತನಾಡುವವರು ಇಡೀ ಮಹಡಿಯಲ್ಲಿಲ್ಲ. ಅದನ್ನೆಲ್ಲ ಕಲಿತದ್ದು ಕೆಲಸಕ್ಕೆ ಸೇರಿದ ಏಪ್ರಿಲ್ ತಿಂಗಳ ಹೊಸಬರ ತರಬೇತಿಯಲ್ಲಿ ಎಂದು ಅವರೇ ಹೇಳಿದರು. ‘ಸದ್ಯ ಜಾಗದಲ್ಲಿಲ್ಲ, ಹಿಂದಿರುಗಿದ ಮೇಲೆ ಕರೆ ಮಾಡಿಸುತ್ತೇವೆ’ ಎಂಬ ವಾಕ್ಯಗಳನ್ನು ಫೋನಿಲ್ಲದ ಕೈಯನ್ನು ಕಿವಿಗಿಟ್ಟುಕೊಂಡು ಸಾಲಾಗಿ ಕೂತು ಬಾಯಿಪಾಠ ಮಾಡಿಸಿದರಂತೆ. ಹಾಗಾದರೆ ಊರಲ್ಲಿ ಅಜ್ಜಿಯೊಂದಿಗೆ ಹೇಗೆ ಮಾತನಾಡುತ್ತೀರಿ ಎಂದು ಕೇಳಿದೆ. ಅಜ್ಜಿಗೆ ಹೀಗೆ ಕೇಗೊದಲ್ಲಿ ಮಾತನಾಡಿದರೆ, ನನ್ನ ಮೇಲೆ ಯಾಕೆ ಸಿಟ್ಟು ಎಂದು ಕೇಳುತ್ತಾಳೆ ಎಂದರು. ನಮ್ಮ ಮನೆಯಲ್ಲೂ ‘ತಾವು ದಯಮಾಡಿಸಬೇಕು’ ಎಂಬ ಮಾತು ಕೇಳಿಬಂತೆಂದರೆ ಅಂದು ಜಗಳ ಖಂಡಿತ ಎಂದು ನಾನೂ ಹೇಳಿದೆ.